ಒಂದೊಂದೇ ಹಕ್ಕಿ

ಹತ್ತು ವರ್ಷದ ಹುಡುಗ. ಹಕ್ಕಿಗಳ ಬಗ್ಗೆ ಒಂದು ವರದಿ ಬರೆದು ತರಲು ಶಾಲೆಯಲ್ಲಿ ಮೂರು ತಿಂಗಳ ಅವಧಿ ಕೊಟ್ಟಿದ್ದಾರೆ. ಮೂರು ತಿಂಗಳೂ ಕಳೆದು, ನಾಳೆ ಒಪ್ಪಿಸಬೇಕು ಅನ್ನುವಾಗ ಅಡಿಗೆಮನೆಯ ಮೇಜಿನ ಮುಂದೆ ಹಾಳೆ, ಪೆನ್ಸಿಲು, ಒಮ್ಮೆಯೂ ಬಿಚ್ಚದ ಹಕ್ಕಿಗಳ ಪುಸ್ತಕ ಎಲ್ಲ ಹರಡಿಕೊಂಡು, ಕಣ್ಣೀರು ತುಂಬಿಕೊಂಡು ಕೂತಿದ್ದಾನೆ. ಅಪ್ಪ ಬಂದು ಪಕ್ಕದಲ್ಲಿ ಕೂತು, ಭುಜದ ಮೇಲೆ ಕೈ ಹಾಕಿ, ಎಲ್ಲವನ್ನೂ ಒಟ್ಟಿಗೆ ನೋಡಿ ಹೆದರಬೇಡ, ಒಂದೊಂದಾಗಿ ಹಕ್ಕಿಯನ್ನು ಹಿಡಿದು ಮುಗಿಸುತ್ತಾ ಹೋಗು ಎಂದು ಸಮಾಧಾನ ಮಾಡುತ್ತಾನೆ.

ಕ್ಯಾಲಿಫೋರ್ನಿಯಾದ ಈ ಹುಡುಗನ ತಂಗಿ ಆನ್ ಲಮಾಟ್ ಮುಂದೆ ಕಾದಂಬರಿಕಾರ್ತಿಯಾದಳು. ಬರವಣಿಗೆ ಕಲಿಸುವ ತರಗತಿಗಳನ್ನೂ ನಡೆಸಿದಳು. ಆ ತರಗತಿಗಳಲ್ಲಿ ಹೇಳುತ್ತಿದ್ದುದನ್ನೆಲ್ಲ ಸೇರಿಸಿ 1994ರಲ್ಲಿ ಒಂದು ಪುಸ್ತಕ ಮಾಡಿದಾಗ ಅಪ್ಪನ ಮಾತೇ ಅದರ ಹೆಸರಾಯಿತು: ‘ಬರ್ಡ್ ಬೈ ಬರ್ಡ್’. ಮೂವತ್ತು ವರ್ಷ ದಾಟಿದರೂ ಅದು ಅಚ್ಚಿನಲ್ಲಿದೆ. ಬರೆಯಬೇಕೆಂದು ಆಸೆಪಡುವವರಿಗೆ ಸ್ನೇಹಿತರು ಉಡುಗೊರೆ ಕೊಡುವ ಪುಸ್ತಕಗಳಲ್ಲಿ ಅದೂ ಒಂದು. ಇಷ್ಟಾದರೂ ಅದನ್ನು ಓದಿದವರು ಒಂದೇ ಮಾತು ಹೇಳುವುದಿಲ್ಲ. ಕೆಲವರಿಗೆ ಅದು ತಲೆದಿಂಬಿನ ಪಕ್ಕದ ಪುಸ್ತಕ. ಇನ್ನು ಕೆಲವರು ಐವತ್ತು ಪುಟಕ್ಕೇ ಮಡಚಿಟ್ಟು, ‘ಈ ಹೆಂಗಸು ತನ್ನ ಪುರಾಣ ಬಿಟ್ಟು ಬೇರೇನಾದರೂ ಹೇಳುತ್ತಾಳೆಯೇ?’ ಎಂದು ಕೇಳುತ್ತಾರೆ.

ನಮ್ಮ ಊರಿನಲ್ಲಿ ತಿಂಗಳಿಗೊಮ್ಮೆ ಸೇರುವ ಏಳೆಂಟು ಓದುಗಿತ್ತಿಯರ ನಡುವೆಯೂ ಇದೇ ಆಯಿತು. ಪುಸ್ತಕ ಕೈಯಿಂದ ಕೈಗೆ ಓಡಾಡಿ ಹಿಂದಿರುಗುವ ಹೊತ್ತಿಗೆ ಒಬ್ಬರು ಅಡಿಗೆರೆ ಎಳೆದ ಕಡೆಯೇ ಇನ್ನೊಬ್ಬರು ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಒಂದೇ ಪುಸ್ತಕ ಇಷ್ಟು ಬೇರೆಬೇರೆಯಾಗಿ ಕಾಣಲು ಕಾರಣವೇನು, ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ನೋಡಬೇಕೆನ್ನಿಸಿತು. ಅದಕ್ಕಾಗಿಯೇ ಈ ಬರಹ.

ಮೊದಲನೆಯ ದೂರು ನಮ್ಮಲ್ಲಿ ಹಿರಿಯರಾದ, ಹೈಸ್ಕೂಲಿನಲ್ಲಿ ಬಹಳ ವರ್ಷ ಪಾಠ ಹೇಳಿ ನಿವೃತ್ತರಾದ ಟೀಚರ್ ಅವರದು. ‘ಅಲ್ಲ ಕಣ್ರೀ, ಬರೆಯೋದು ಹೇಗೆ ಅಂತ ಹೇಳ್ತೀನಿ ಅಂತ ಕರೆದು ಕೂರಿಸ್ಕೊಂಡು, ಅವರ ಅಪ್ಪ, ಅವರ ಮಗ, ಅವರ ಹೊಟ್ಟೆಕಿಚ್ಚು, ಅವರ ದೇವರು ಇದನ್ನೇ ಹೇಳ್ತಾರಲ್ಲ. ಪಾಠ ಎಲ್ಲಿದೆ?’ ಎಂದರು. ಟೀಚರ್ ಅವರ ಮನಸ್ಸಿನಲ್ಲಿದ್ದ ಪುಸ್ತಕ ಇನ್ನೊಂದು. ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟ್ರಂಕ್ ತನ್ನ ವಿದ್ಯಾರ್ಥಿಗಳಿಗಾಗಿ ಬರೆದಿದ್ದನ್ನು, ಅವನ ಶಿಷ್ಯ ಇ. ಬಿ. ವೈಟ್ ಹಿಗ್ಗಿಸಿ 1959ರಲ್ಲಿ ಹೊರತಂದ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’. ತೆಳ್ಳಗಿನ ಪುಸ್ತಕ. ಅದರಲ್ಲಿ ನಿಯಮಗಳಿಗೆ ಸಂಖ್ಯೆಯಿದೆ. ತಪ್ಪು ವಾಕ್ಯದ ಪಕ್ಕದಲ್ಲಿ ಸರಿ ವಾಕ್ಯವಿದೆ. ಲೇಖಕರ ಮನೆಯವರು ಯಾರೂ ನಡುವೆ ಬಂದು ಮಾತನಾಡಿಸುವುದಿಲ್ಲ.

ಟೀಚರ್ ಅವರ ದೂರಿನಲ್ಲಿ ಅರ್ಧ ನಿಜವಿದೆ. ಒಂದು ವಾಕ್ಯ ಏಕೆ ಚೆನ್ನಾಗಿದೆ, ಇನ್ನೊಂದು ಏಕೆ ಸೊರಗಿದೆ ಎಂದು ಲಮಾಟ್ ಬಿಡಿಸಿ ತೋರಿಸುವುದು ಕಡಿಮೆ. ಆದರೆ ಪಾಠವೇ ಇಲ್ಲವೆಂದರೆ ಅನ್ಯಾಯವಾದೀತು. ಆಕೆಯ ಮೇಜಿನ ಮೇಲೆ ಒಂದು ಅಂಗುಲದ ಖಾಲಿ ಫೋಟೋ ಚೌಕಟ್ಟು ಇರುತ್ತದಂತೆ. ಇವತ್ತು ಆ ಚೌಕಟ್ಟಿನೊಳಗೆ ಹಿಡಿಸುವಷ್ಟನ್ನು ಮಾತ್ರ ಬರೆದರೆ ಸಾಕೆಂದು ನೆನಪಿಸಿಕೊಳ್ಳಲು. ತಿರುಗಾಡಲು ಹೊರಟಾಗ ಹಿಂಬದಿಯ ಜೇಬಿನಲ್ಲಿ ಒಂದು ಸಣ್ಣ ಕಾರ್ಡು, ಪೆನ್ನು. ದಾರಿಯಲ್ಲಿ ಕಿವಿಗೆ ಬಿದ್ದ ಮಾತು ಮನೆಗೆ ಬರುವಷ್ಟರಲ್ಲಿ ಮರೆತುಹೋಗಬಾರದಲ್ಲ. ತೋಟದ ವಿಷಯ ಬರೆಯಬೇಕಾದಾಗ ತಿಳಿದವರನ್ನು ಕೇಳಿ ಗಿಡಗಳ ಹೆಸರು ತಿಳಿದುಕೊಂಡದ್ದನ್ನೂ, ಷಾಂಪೇನ್ ಬಾಟಲಿಯ ಬಿರಡೆಗೆ ಸುತ್ತುವ ತಂತಿಗೆ ಏನೆನ್ನುತ್ತಾರೆಂದು ದ್ರಾಕ್ಷಾರಸ ತಯಾರಿಸುವವರಿಗೇ ಫೋನು ಮಾಡಿ ಕೇಳಿದ್ದನ್ನೂ ಹೇಳುತ್ತಾಳೆ. ಗೊತ್ತಿಲ್ಲದ್ದನ್ನು ಬಲ್ಲವರ ಹತ್ತಿರ ಕೇಳಿ ಬರೆ ಎನ್ನುವುದು ಪಾಠವಲ್ಲದೆ ಮತ್ತೇನು?

ಏನು ಬರೆಯಬೇಕೋ ತೋಚದೆ ಕೂತವರಿಗೆ ಆಕೆ ಕೊಡುವ ಅಭ್ಯಾಸ ನನಗೆ ಬಹಳ ಹಿಡಿಸಿತು. ಶಾಲೆಯಲ್ಲಿ ಮಧ್ಯಾಹ್ನ ತಿನ್ನುತ್ತಿದ್ದ ಊಟದ ಬಗ್ಗೆ ಬರೆಯಿರಿ ಎನ್ನುತ್ತಾಳೆ. ಯಾರ ಡಬ್ಬಿಯಲ್ಲಿ ಏನಿತ್ತು, ಯಾವುದು ಮರ್ಯಾದೆಯ ಊಟ, ಯಾವುದು ನಗೆಪಾಟಲು, ಕಾಗದವನ್ನು ಹೇಗೆ ಮಡಚಿರಬೇಕು ಎಂದು ತಾನೂ ಬರೆಯುತ್ತಾ ಹೋಗುತ್ತಾಳೆ. ಹಾಗೆ ಬರೆಯುತ್ತಿರುವಾಗ, ಬೇಲಿಗೆ ಒತ್ತಿಕೊಂಡು ಒಂಟಿಯಾಗಿ ನಿಂತಿದ್ದ ಒಬ್ಬ ಹುಡುಗ ತಾನಾಗಿಯೇ ಮುಂದೆ ಬಂದುಬಿಡುತ್ತಾನೆ. ಊಟದ ಡಬ್ಬಿಯಿಂದ ಶುರುವಾದದ್ದು ಒಂದು ಪಾತ್ರದಲ್ಲಿ ಬಂದು ನಿಲ್ಲುತ್ತದೆ. ಇದನ್ನು ಓದಿದ ದಿನ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಡಬ್ಬಿ ನೆನಪಾಯಿತು. ಚಿತ್ರಾನ್ನದವರು, ರೊಟ್ಟಿಯವರು, ಡಬ್ಬಿಯೇ ತಾರದೆ ನಲ್ಲಿಯ ಹತ್ತಿರ ಹೊತ್ತು ಕಳೆಯುತ್ತಿದ್ದವರು. ‘ಪಾಠ ಎಲ್ಲಿದೆ’ ಎಂದು ಕೇಳಿದ ಟೀಚರ್ ಅವರೇ ಆ ದಿನ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತನಾಡಿದರು.

ಎರಡನೆಯ ಅಭಿಪ್ರಾಯ ನಮ್ಮಲ್ಲಿ ಚಿಕ್ಕವಳಾದ, ಎರಡು ಮಕ್ಕಳ ತಾಯಿಯೊಬ್ಬಳದು. ಅವಳ ಪಾಲಿಗೆ ಇದು ಬಿಡುಗಡೆ ಕೊಟ್ಟ ಪುಸ್ತಕ. ಅವಳು ಮೆಚ್ಚಿದ್ದು ಮೊದಲ ಕರಡಿನ ಅಧ್ಯಾಯ. ಆ ಅಧ್ಯಾಯದ ಶೀರ್ಷಿಕೆಯಲ್ಲಿ ಒಂದು ಹೊಲಸು ಪದವಿದೆ. ನಾಲ್ಕು ಜನರ ಮುಂದೆ ಓದಿ ಹೇಳುವಂಥದ್ದಲ್ಲ. ವಿಷಯ ಮಾತ್ರ ಸರಳ. ಒಳ್ಳೆಯ ಲೇಖಕರೆಲ್ಲ ಮೊದಲ ಸಲವೇ ಒಳ್ಳೆಯದನ್ನು ಬರೆದುಬಿಡುತ್ತಾರೆ ಎಂಬುದು ಹೊರಗಿನವರ ಭ್ರಮೆ. ಲಮಾಟ್ ಹಿಂದೆ ಒಂದು ಪತ್ರಿಕೆಗೆ ಹೋಟೆಲುಗಳ ಊಟದ ವಿಮರ್ಶೆ ಬರೆಯುತ್ತಿದ್ದಳು. ಪ್ರತಿ ಸಲವೂ ಮೊದಲ ಕರಡು ಎಷ್ಟು ಕೆಟ್ಟದಾಗಿರುತ್ತಿತ್ತೆಂದರೆ, ಅದನ್ನು ತಿದ್ದುವ ಮೊದಲು ತಾನು ಸತ್ತುಹೋದರೆ ಜನ ಅದನ್ನು ಓದಿ ಏನೆಂದುಕೊಂಡಾರು ಎಂದು ಹೆದರುತ್ತಿದ್ದಳಂತೆ. ಮಾರನೆಯ ದಿನ ಅದೇ ಕೊಳಕು ಹಾಳೆಗಳಲ್ಲಿ ಎಲ್ಲೋ ಒಂದು ಸಾಲು ಸಿಗುತ್ತಿತ್ತು. ಅಲ್ಲಿಂದ ನಿಜವಾದ ಬರಹ ಶುರು. ಮೊದಲ ಕರಡು ಸುಮ್ಮನೆ ಇಳಿಸುವುದಕ್ಕೆ, ಎರಡನೆಯದು ನೆಟ್ಟಗೆ ಮಾಡುವುದಕ್ಕೆ, ಮೂರನೆಯದು ದಂತವೈದ್ಯರಂತೆ ಒಂದೊಂದು ಹಲ್ಲನ್ನೂ ಅಲುಗಾಡಿಸಿ ನೋಡುವುದಕ್ಕೆ ಎಂಬ ಲೆಕ್ಕ ಆಕೆಯದು.

ಈ ಮಾತು ಹೆಂಗಸರಿಗೆ ತಟ್ಟುವಷ್ಟು ಬೇರೆಯವರಿಗೆ ತಟ್ಟಲಾರದು. ಮೊದಲ ಸಲಕ್ಕೇ ಸರಿಯಾಗಬೇಕು ಎಂಬುದು ನಮ್ಮ ಬೆನ್ನಿಗಂಟಿಸಿ ಕಳಿಸಿದ ಪಾಠ. ಉಪ್ಪು ಹೆಚ್ಚಾದ ಸಾರನ್ನು ‘ಇದು ಮೊದಲ ಕರಡು’ ಎಂದು ಬಡಿಸಲು ಯಾವ ಮನೆಯಲ್ಲಿ ಸಾಧ್ಯ? ರಂಗೋಲಿಯ ಎಳೆ ತಪ್ಪಿದರೆ ಹಾದುಹೋಗುವವರೂ ನಿಂತು ಹೇಳಿಹೋಗುತ್ತಾರೆ. ಹಾಗೆ ಬೆಳೆದವಳು ಹಾಳೆಯ ಮುಂದೆ ಕೂತಾಗಲೂ ಮೊದಲ ಸಾಲನ್ನೇ ಹನ್ನೆರಡು ಸಲ ಹೊಡೆದು ಹಾಕಿ ಎದ್ದುಹೋಗುತ್ತಾಳೆ. ಲಮಾಟ್ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಗಂಟಲಿನ ಟಾನ್ಸಿಲ್ ತೆಗೆಸಿಕೊಂಡದ್ದನ್ನು ನೆನೆಯುತ್ತಾಳೆ. ನೋವಿಗೆ ಮಾತ್ರೆ ಕೇಳಿದರೆ ನರ್ಸು ಚ್ಯೂಯಿಂಗ್ ಗಮ್ ಅಗಿಯಲು ಹೇಳಿದಳಂತೆ. ಗಾಯದ ಸುತ್ತ ಸ್ನಾಯು ಬಿಗಿದುಕೊಂಡಿರುತ್ತದೆ, ಅಗಿದರೆ ಸಡಿಲವಾಗುತ್ತದೆ. ಮನಸ್ಸೂ ಹಳೆಯ ಗಾಯಗಳ ಸುತ್ತ ಹೀಗೇ ಬಿಗಿದುಕೊಂಡಿರುತ್ತದೆ, ಎಲ್ಲವೂ ಸರಿಯಾಗೇ ಇರಬೇಕೆಂಬ ಹಟ ಆ ಬಿಗಿತವನ್ನು ಹೆಚ್ಚಿಸುತ್ತದೆ ಎಂಬುದು ಆಕೆಯ ವಾದ. ಇದನ್ನು ಸ್ಟ್ರಂಕ್ ಹೇಳಲಾರ. ವಾಕ್ಯವನ್ನು ತಿದ್ದುವ ಪುಸ್ತಕ ವಾಕ್ಯವನ್ನು ಬರೆದಾದವರಿಗೆ ಬೇಕು. ಹಾಳೆ ಇನ್ನೂ ಖಾಲಿಯಿರುವವರಿಗೆ ಬೇಕಾದದ್ದು ಬೇರೆ. ಟೀಚರ್ ಅವರಿಗೂ ಈ ಹುಡುಗಿಗೂ ಜಗಳ ಹುಟ್ಟಿದ್ದು ಇಲ್ಲಿಯೇ.

ಮೂರನೆಯ ಅಭಿಪ್ರಾಯ ಹಾಸ್ಯವನ್ನು ಕುರಿತದ್ದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ ಹೇಳಿದರು: ‘ಮೊದಮೊದಲು ನಗು ಬರುತ್ತೆ. ಆಮೇಲೆ ಆಮೇಲೆ, ಇವಳಿಗೆ ಏನಾದರೂ ಒಂದು ಸರಿಹೋಗಬಾರದಾ ಅನ್ನಿಸುತ್ತೆ.’ ಲಮಾಟಳ ನಗೆ ಬಹುಮಟ್ಟಿಗೆ ತನ್ನನ್ನೇ ಗೇಲಿ ಮಾಡಿಕೊಳ್ಳುವ ನಗೆ. ಬರೆಯಲು ಕೂತ ಕೂಡಲೇ ತಲೆಯೊಳಗೆ ಒಂದು ರೇಡಿಯೋ ಕೇಂದ್ರ ಶುರುವಾಗುತ್ತದೆ ಎನ್ನುತ್ತಾಳೆ. ಒಂದು ಕಿವಿಯಲ್ಲಿ ನಿನ್ನಂಥ ಪ್ರತಿಭೆ ಇನ್ನಿಲ್ಲ ಎಂಬ ಹೊಗಳಿಕೆ, ಇನ್ನೊಂದರಲ್ಲಿ ನಿನ್ನಂಥ ದಂಡಪಿಂಡವೂ ಇನ್ನಿಲ್ಲ ಎಂಬ ಬೈಗುಳ. ನಮ್ಮಲ್ಲಿ ಮನೆಗೊಬ್ಬರಾದರೂ ಈ ಎರಡನೆಯ ಕೇಂದ್ರವನ್ನು ಹೊರಗಿನಿಂದಲೇ ನಡೆಸಿಕೊಡುವವರಿರುವುದರಿಂದ ಅರ್ಥವಾಗಲು ಕಷ್ಟವಿಲ್ಲ!

ಹೆಂಗಸು ತನ್ನ ಸಂಸಾರವನ್ನೂ ತನ್ನನ್ನೂ ಗೇಲಿ ಮಾಡಿಕೊಂಡು ಬರೆಯುವುದು ಕನ್ನಡದ ಓದುಗಿತ್ತಿಯರಿಗೆ ಹೊಸದೇನಲ್ಲ. ಟಿ. ಸುನಂದಮ್ಮನವರ ಹಾಸ್ಯವನ್ನು ಓದಿಕೊಂಡೇ ನಮ್ಮ ತಾಯಂದಿರು ಮಧ್ಯಾಹ್ನದ ಹೊತ್ತು ಕಳೆದರು. ಹಾಗಾಗಿ ನಮಗೆ ಹೋಲಿಸಲು ಒಂದು ಅಳತೆ ಇದೆ. ಆ ಅಳತೆಯಲ್ಲಿ ನೋಡಿದರೆ ಲಮಾಟಳ ನಗೆ ಗೆಲ್ಲುವ ಜಾಗ ಹೊಟ್ಟೆಕಿಚ್ಚಿನ ಅಧ್ಯಾಯ. ಗೆಳತಿಯೊಬ್ಬಳ ಬರವಣಿಗೆಗೆ ಹಣ, ಹೆಸರು ಎರಡೂ ಬರುತ್ತವೆ. ಫೋನಿನಲ್ಲಿ ಆ ಗೆಳತಿಯ ಸಂತೋಷದ ಸುದ್ದಿ ಕೇಳುತ್ತಾ ಸಂತೋಷಪಟ್ಟಂತೆ ನಟಿಸುವುದು ಎಷ್ಟು ಕಷ್ಟವೆಂದು ಆಕೆ ಬರೆದದ್ದನ್ನು ಓದುವಾಗ ನಗು ಬರುತ್ತದೆ, ಜೊತೆಗೆ ನಾವು ಯಾರಿಗೂ ಹೇಳದ ಒಂದೆರಡು ಹೆಸರುಗಳೂ ನೆನಪಾಗುತ್ತವೆ. ನಗಿಸದೆ ಹೇಳಿದ್ದರೆ ಈ ನಿಜವನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ಹಾಸ್ಯಕ್ಕೆ ಕೆಲಸವಿದೆ.

ಸೋಲುವ ಜಾಗಗಳೂ ಇವೆ. ತನಗಾದ ಪ್ರತಿಯೊಂದು ಕಿರಿಕಿರಿಯನ್ನೂ ಮಾರಣಾಂತಿಕ ಕಾಯಿಲೆಯೆಂದು, ಹುಚ್ಚೆಂದು ಹಿಗ್ಗಿಸಿ ಹೇಳುವ ವರಸೆ ಪುಸ್ತಕದುದ್ದಕ್ಕೂ ಬರುತ್ತದೆ. ಮೂರು ಸಲ ನಗಿಸಿದ್ದು ಹದಿಮೂರನೆಯ ಸಲ ನಗಿಸುವುದಿಲ್ಲ. ನಿಜವಾಗಿ ಬುದ್ಧಿ ಕದಡಿದವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡ ಓದುಗಿತ್ತಿಗೆ ಈ ತಮಾಷೆ ಹಗುರವಾಗಿ ಕಾಣುವುದಿಲ್ಲ. ಬ್ಯಾಂಕಿನ ಗೆಳತಿಯ ಬೇಸರಕ್ಕೆ ಕಾರಣ ಅದಾಗಿತ್ತು. ಅದನ್ನು ಅವರ ಅರಸಿಕತನ ಎಂದು ತಳ್ಳಿಹಾಕುವುದು ಸರಿಯಲ್ಲ.

ಇನ್ನು ಬಿಡುವಿನ ಮಾತು. ಪ್ರತಿದಿನ ಒಂದೇ ಹೊತ್ತಿಗೆ ಕೂತು ಬರೆಯಿರಿ ಎಂದು ಲಮಾಟ್ ಹೇಳುತ್ತಾಳೆ. ಆ ಹೊತ್ತನ್ನು ತಂದುಕೊಡುವವರು ಯಾರು ಎಂದು ನಮ್ಮಲ್ಲಿ ಎಲ್ಲರೂ ಕೇಳಿದರು. 1929ರಲ್ಲಿ ವರ್ಜೀನಿಯಾ ವುಲ್ಫ್ ಬರೆಯುವ ಹೆಣ್ಣಿಗೆ ವರ್ಷಕ್ಕೆ 500 ಪೌಂಡು, ಬೀಗವಿರುವ ಒಂದು ಕೋಣೆ ಬೇಕೆಂದು ಲೆಕ್ಕ ಒಪ್ಪಿಸಿದ್ದಳು. ಲಮಾಟಳೂ ಆರಾಮದ ಬದುಕಿನವಳಲ್ಲ. ಕುಡಿತ ಬಿಟ್ಟವಳು, 1989ರಲ್ಲಿ ಹುಟ್ಟಿದ ಮಗನನ್ನು ಒಬ್ಬಳೇ ಬೆಳೆಸಿದವಳು. ಆ ಮಗುವಿನ ಮೊದಲ ವರ್ಷದ ದಿನಚರಿಯೇ 1993ರಲ್ಲಿ ಆಕೆಯ ಇನ್ನೊಂದು ಪುಸ್ತಕವಾಯಿತು. ಆದರೂ ಆಕೆಗೆ ಇದ್ದ ಒಂದು ಆಸ್ತಿ ನಮ್ಮಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಆಕೆಯ ತಂದೆ ಕೆನೆತ್ ಲಮಾಟ್ ಲೇಖಕ. ರಾತ್ರಿ ಎಷ್ಟೇ ತಡವಾಗಿ ಮಲಗಿದ್ದರೂ ಬೆಳಿಗ್ಗೆ ಐದೂವರೆಗೆ ಎದ್ದು, ತನ್ನ ಕೋಣೆಗೆ ಹೋಗಿ ಒಂದೆರಡು ಗಂಟೆ ಬರೆದು, ಆಮೇಲೆ ಮನೆಯವರಿಗೆಲ್ಲ ತಿಂಡಿ ಮಾಡುತ್ತಿದ್ದ ಮನುಷ್ಯ. ಬರೆಯುವುದು ದಿನನಿತ್ಯದ ಕೆಲಸ ಎಂದು ಮಗಳು ಕಣ್ಣಾರೆ ನೋಡಿ ಬೆಳೆದಳು. ನಮ್ಮ ಮನೆಗಳಲ್ಲಿ ಐದೂವರೆಗೆ ಏಳುವವರು ಯಾರು, ಎದ್ದು ಮೊದಲು ಯಾವ ಕೋಣೆಗೆ ಹೋಗುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬರೆದಾದ ಮೇಲೆ ತಿಂಡಿ ಮಾಡಿದ ಆ ತಂದೆಯ ವಿಷಯ ಬಂದಾಗ ನಮ್ಮ ಗುಂಪಿನಲ್ಲಿ ಹೆಚ್ಚು ಚರ್ಚೆಯಾದದ್ದು ಬರವಣಿಗೆಯಲ್ಲ, ತಿಂಡಿ!

ಅಷ್ಟು ಹೇಳಿಯೂ, ಬಿಡುವಿಲ್ಲ ಎಂಬ ಕಾರಣಕ್ಕೆ ಪುಸ್ತಕವನ್ನು ಮೂಲೆಗಿಡಬೇಕಿಲ್ಲ. 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ‘ತುಂಗಭದ್ರ’ ಕಾದಂಬರಿ ಪ್ರಕಟವಾದದ್ದು 1963ರಲ್ಲಿ. ಅಷ್ಟು ವರ್ಷ ಸಂಸಾರದಲ್ಲಿ ಕಂಡದ್ದು, ಕೇಳಿದ್ದು ಎಲ್ಲವೂ ಅವರ ಕಾದಂಬರಿಗಳಿಗೆ ಅನ್ನವಾಯಿತು. ಒಂದು ಅಂಗುಲದ ಚೌಕಟ್ಟಿನ ಉಪಾಯ ಬಿಡುವಿಲ್ಲದವರಿಗೇ ಹೇಳಿಮಾಡಿಸಿದ್ದು. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಕಾದಂಬರಿ ಬರೆಯಲಾಗದು. ಅಜ್ಜಿಯ ಕೈಬಳೆಯ ಬಗ್ಗೆ ನಾಲ್ಕು ಸಾಲು ಬರೆಯಬಹುದು.

ಎಲ್ಲಕ್ಕಿಂತ ಗಂಭೀರವಾದ ಭಿನ್ನಾಭಿಪ್ರಾಯ ಹುಟ್ಟಿದ್ದು ನಮ್ಮವರ ಬಗ್ಗೆ ಬರೆಯುವ ವಿಷಯದಲ್ಲಿ. ನಿನಗೆ ಆದದ್ದೆಲ್ಲ ನಿನ್ನ ಸ್ವತ್ತು, ಹೆದರದೆ ಬರೆ ಎಂಬ ನಿಲುವು ಲಮಾಟಳದು. ಬರೆದವರ ಮೇಲೆ ಯಾರಾದರೂ ಮಾನನಷ್ಟದ ದಾವೆ ಹೂಡಿಯಾರು ಎಂಬ ಭಯಕ್ಕೆ ಆಕೆ ಕೊಡುವ ಮದ್ದು ತಮಾಷೆಯದು. ಆ ಗಂಡಸಿನ ರೂಪ, ಉದ್ಯೋಗ, ಊರು ಎಲ್ಲ ಬದಲಿಸಿ, ಜೊತೆಗೆ ಅವನ ಗಂಡಸುತನಕ್ಕೆ ಕುಂದಾಗುವ ಒಂದು ದೇಹಲಕ್ಷಣ ಸೇರಿಸಿಬಿಡಿ, ಆಗ ಅವನು ಕೋರ್ಟಿಗೆ ಬಂದು ‘ಅದು ನಾನೇ ಸ್ವಾಮಿ’ ಎನ್ನಲಾರ ಎಂಬರ್ಥದ ಸಲಹೆ. ಓದಿದಾಗ ನಾವೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು.

ನಕ್ಕು ಮುಗಿದ ಮೇಲೆ ಉಳಿದದ್ದು ಪ್ರಶ್ನೆ. ನಮ್ಮ ಗುಂಪಿನಲ್ಲಿ ಒಬ್ಬರು ಬಹಳ ವರ್ಷಗಳ ಹಿಂದೆ ಇನ್ನೂರು ಪುಟ ಬರೆದು, ಸೀರೆಗಳ ಕೆಳಗೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ಅದರಲ್ಲಿ ಬರುವ ಒಂದು ಮುಖ್ಯ ಪಾತ್ರ ಅವರ ಮನೆಯವರೇ, ಇನ್ನೂ ಬದುಕಿದ್ದಾರೆ, ಅದೇ ಮನೆಯಲ್ಲಿ ಇದ್ದಾರೆ. ‘ಅವಳ ಊರಲ್ಲಿ ಜನ ಕೋರ್ಟಿಗೆ ಹೋಗ್ತಾರೇನೋ. ನಮ್ಮ ಊರಲ್ಲಿ ಯಾರೂ ಹೋಗಲ್ಲ. ಅರಿಶಿನ ಕುಂಕುಮಕ್ಕೆ ಕರೆಯೋದು ನಿಲ್ಲಿಸ್ತಾರೆ ಅಷ್ಟೇ. ಮಗಳ ಮದುವೆ ಮಾತುಕತೆ ನಡೆಯೋವಾಗ ಒಂದು ಮಾತು ಆಡ್ತಾರೆ ಅಷ್ಟೇ’ ಎಂದರು. ರೂಪ ಬದಲಿಸಿದರೂ, ಊರು ಬದಲಿಸಿದರೂ, ಸಣ್ಣ ಊರಿನಲ್ಲಿ ಗುರುತು ಹತ್ತಲು ಒಂದು ಕೆಮ್ಮಿನ ರೀತಿ ಸಾಕು. ಕಾನೂನಿನ ಭಯಕ್ಕೆ ಲಮಾಟಳ ಹತ್ತಿರ ಉತ್ತರವಿದೆ. ನೆಂಟಸ್ತಿಕೆಯ ಭಯಕ್ಕೆ ಆ ತಮಾಷೆಯಲ್ಲಿ ಉತ್ತರವಿಲ್ಲ. ಚಿಕ್ಕವಳು ಮಾತ್ರ ಪಟ್ಟು ಬಿಡಲಿಲ್ಲ. ‘ಹಾಗಾದ್ರೆ ಅವರು ಮಾಡಿದ್ದು ಮಾಡಿದ್ದೇ ಆಗಲಿಲ್ವಾ ಅಕ್ಕ? ನೀವು ಬರೀದೇ ಇದ್ರೆ ಅದು ನಡೆದೇ ಇಲ್ಲ ಅಂತ ಆಗುತ್ತೆ’ ಎಂದಳು. ಆ ದಿನ ಕಾಫಿ ಆರಿಹೋಯಿತು.

ಇಬ್ಬರ ಮಾತೂ ನಿಜ. ನನ್ನ ಓದಿನಲ್ಲಿ ಇದಕ್ಕೆ ದಾರಿ ಅದೇ ಪುಸ್ತಕದ ಬೇರೆ ಭಾಗದಲ್ಲಿ ಸಿಗುತ್ತದೆ. ತಂದೆಯ ಮಿದುಳಿನಲ್ಲಿ ಗಡ್ಡೆಯಾಗಿದೆಯೆಂದು ತಿಳಿದಾಗ ಲಮಾಟ್ ಮನೆಯವರೆಲ್ಲ ಅದನ್ನು ಎದುರಿಸಿದ ಬಗೆಯನ್ನು ಬರೆಯತೊಡಗಿದಳು, ತಂದೆಗೆ ಕೊಡುವ ಉಡುಗೊರೆಯಾಗಿ. ಅದು 1980ರಲ್ಲಿ ‘ಹಾರ್ಡ್ ಲಾಫ್ಟರ್’ ಎಂಬ ಆಕೆಯ ಮೊದಲ ಕಾದಂಬರಿಯಾಗಿ ಬಂತು. ಅಷ್ಟರಲ್ಲಿ ತಂದೆ ಇರಲಿಲ್ಲ. ಆದರೆ ಬರೆದದ್ದನ್ನು ಆತ ಓದಿದ್ದ. ಮುಂದೆ ಆಪ್ತ ಗೆಳತಿ ಸ್ತನ ಕ್ಯಾನ್ಸರಿನಿಂದ ಸಾಯುತ್ತಿದ್ದಾಗಲೂ ಹಾಗೆಯೇ. ಮಗನ ದಿನಚರಿಯ ಪುಸ್ತಕದಲ್ಲಿ ಆ ಗೆಳತಿ ಇದ್ದಾಳೆ, ಸಾಯುವ ಮುಂಚೆ ಅದನ್ನು ಓದಿದಳು. ಲೋಕವೆಲ್ಲ ಓದಲಿ ಎಂದು ಹೊರಡದೆ ಇಬ್ಬರಿಗಾಗಿ ಬರೆದದ್ದು. ಪುಸ್ತಕ ಅಚ್ಚಾಗುವುದರ ಬಗ್ಗೆ ಆಕೆಗೆ ದೊಡ್ಡ ಭ್ರಮೆಯೂ ಇಲ್ಲ. ಅಚ್ಚಾದ ದಿನ ಫೋನು ಬಾರಿಸುವುದೆಂದು ಕಾದು ಕೂತು, ಏನೂ ಆಗದೆ ಸಂಜೆಯಾದ ನಿರಾಸೆಯನ್ನು ವಿವರವಾಗಿಯೇ ಹೇಳುತ್ತಾಳೆ.

ಬರೆಯುವುದು ಒಂದು, ಅಚ್ಚು ಹಾಕಿಸುವುದು ಇನ್ನೊಂದು ಎಂದು ಆಕೆ ಬೇರ್ಪಡಿಸುವ ಈ ಭಾಗವೇ ಪುಸ್ತಕದ ಗಟ್ಟಿ ಭಾಗ ಎಂದು ನನಗೆ ತೋರುತ್ತದೆ. ಸಣ್ಣ ಊರಿನ ಓದುಗಿತ್ತಿಗೆ ಉಪಯೋಗಕ್ಕೆ ಬರುವುದೂ ಇದೇ. ನಾವು ಎರಡನ್ನೂ ಒಂದೇ ಗಂಟಾಗಿ ಕಟ್ಟಿಕೊಂಡು, ಅಚ್ಚಾದರೆ ಯಾರು ಏನೆಂದಾರು ಎಂದು ಹೆದರಿ, ಬರೆಯುವುದನ್ನೇ ಬಿಟ್ಟುಬಿಡುತ್ತೇವೆ. ಮೊದಲ ಕರಡನ್ನು ಯಾರಿಗೂ ತೋರಿಸಬೇಕಾಗಿಲ್ಲ. ಎರಡನೆಯದನ್ನು ನಂಬುವ ಒಬ್ಬರಿಗೆ ತೋರಿಸಬಹುದು. ಊರಿಗೆ ತೋರಿಸುವ ಪ್ರಶ್ನೆ ಅದರ ನಂತರದ್ದು, ಹತ್ತು ವರ್ಷದ ನಂತರದ್ದೂ ಆಗಬಹುದು. ಆಕೆ ತಮಾಷೆಗೆ ಹೇಳಿದ್ದನ್ನು ನಕ್ಕು ಬಿಟ್ಟು, ಉಡುಗೊರೆಯ ಮಾತನ್ನು ಹಿಡಿದುಕೊಳ್ಳುವುದು ಮೇಲು.

ಹಾಗಾದರೆ ಯಾರು ಸರಿ? ವಾಕ್ಯ ಕಟ್ಟುವುದನ್ನು ಕಲಿಯಬೇಕೆನ್ನುವವರಿಗೆ ಟೀಚರ್ ಅವರ ಮಾತೇ ಸರಿ, ಅವರು ‘ಬರ್ಡ್ ಬೈ ಬರ್ಡ್’ ಓದಿ ಹೊಟ್ಟೆ ತುಂಬಿಸಿಕೊಳ್ಳಲಾರರು. ಒಂದೇ ಉಸಿರಿಗೆ ಓದುವವರಿಗೆ ಬ್ಯಾಂಕಿನ ಗೆಳತಿಯಂತೆ ಬೇಸರ ಬಂದೀತು. ದಿನಕ್ಕೊಂದು ಅಧ್ಯಾಯ ಓದಿ ಮುಚ್ಚಿಟ್ಟರೆ ಅದೇ ಹಾಸ್ಯ ರುಚಿಸುತ್ತದೆ. ಬರೆಯಬೇಕೆಂದಿದ್ದೂ ಬರೆಯದೆ ಕೂತವರಿಗೆ ಮಾತ್ರ, ನಮ್ಮ ಚಿಕ್ಕವಳು ಹೇಳಿದಂತೆ, ಇಷ್ಟು ಧೈರ್ಯ ಕೊಡುವ ಪುಸ್ತಕ ನಾನು ಬೇರೆ ಕಂಡಿಲ್ಲ. ಅದರ ಕುಂದುಗಳೂ ಒಬ್ಬ ಮನುಷ್ಯಳ ಕುಂದುಗಳಾಗಿರುವುದರಿಂದ ಸಹಿಸಬಹುದು.

ನಮ್ಮ ಪ್ರತಿ ಸದ್ಯಕ್ಕೆ ಟ್ರಂಕಿನ ಗೆಳತಿಯ ಹತ್ತಿರ ಇದೆ. ಮೂರು ತಿಂಗಳಾಯಿತು, ಅವರು ಅದನ್ನು ಹಿಂದಿರುಗಿಸಿಲ್ಲ. ನಾವೂ ಕೇಳಿಲ್ಲ.